ಎಸೆಯುವ ಕೈ ನೀಲಿಯಾದಾಗ

ನಾನು ಶಾಲೆ ಬಿಟ್ಟಿದ್ದು ೨೦೧೪ರಲ್ಲಿ, ಒಂಬತ್ತನೆಯ ತರಗತಿಯ ನಡುವೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಬೆನ್ನು ಹಿಡಿದುಕೊಂಡು ಅಪ್ಪ ಮಲಗಿದಲ್ಲೇ ಆಗಿದ್ದರು. ಆಳಂದದ ಹತ್ತಿರ ಕಿಣ್ಣಿ ಸುಲ್ತಾನ ಎಂಬ ಹಳ್ಳಿಯ ನಮ್ಮ ಮನೆಯಲ್ಲಿ ದುಡಿಯಲು ಉಳಿದವಳು ಅವ್ವ ಒಬ್ಬಳೇ. ಆ ಚಳಿಗಾಲ ಬೇರೆಯವರ ಜೋಳದ ಹೊಲದಲ್ಲಿ ಅಟ್ಟ ಹತ್ತಿ ಕೂತು ಹಕ್ಕಿ ಕಾದೆ. ಕವಣೆ ಹರಿದುಹೋಯಿತು. ಮಾಲೀಕರನ್ನು ಇನ್ನೊಂದು ಕೇಳಲು ಮನಸ್ಸಾಗದೆ ಎರೆಮಣ್ಣಿನ ಹೆಂಟೆಗಳನ್ನು ಕೈಯಿಂದಲೇ ಎಸೆದೆ. ಸುಗ್ಗಿ ಮುಗಿಯುವ ಹೊತ್ತಿಗೆ ಇಂಥ ತೆನೆಯ ಮೇಲೆ ಕೂತ ಗಿಳಿ ಎಂದರೆ ಆ ತೆನೆಗೇ ಹೆಂಟೆ ತಾಗುತ್ತಿತ್ತು.

ಮುಂದೆ ಆಳಂದದ ಒಂದು ಬೇಳೆ ಮಿಲ್ಲಿನಲ್ಲಿ ಹಮಾಲಿಗೆ ಸೇರಿದೆ. ತೊಗರಿ ಚೀಲ ಹೊರುವ ಕೆಲಸ. ಹತ್ತು ವರ್ಷದಲ್ಲಿ ಒಂದು ದಿನ ತಡವಾಗಿ ಹೋದವನಲ್ಲ, ಯಾರ ಮುಂದೆಯೂ ಕೈ ಒಡ್ಡಿದವನಲ್ಲ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಈ ಹೆಮ್ಮೆಯೇ ನನ್ನನ್ನು ಸಾವಿನ ಬಾಗಿಲಿಗೆ ಒಯ್ದಿತು ಎಂಬುದನ್ನೂ ಮುಂದೆ ಬರೆಯುತ್ತೇನೆ.

ಬೇಸ್‌ಬಾಲ್ ಎಂಬ ಆಟದ ಹೆಸರು ನಾನು ಮೊದಲು ಕೇಳಿದ್ದು ಅಫಜಲಪುರದಲ್ಲಿ. ಅಲ್ಲಿ ಟೆನ್ನಿಸ್ ಬಾಲ್ ಕ್ರಿಕೆಟ್ ಪಂದ್ಯವಿತ್ತು. ನಾನು ಬೌಲಿಂಗಿಗೆ ಬಂದೆ. ಅಂಪೈರು ಸಾಲಾಗಿ ಮೂರು ಸಲ ನೋಬಾಲ್ ಕೊಟ್ಟರು. ಸುತ್ತ ನಿಂತ ಮಂದಿ "ಬಟ್ಟಾ! ಬಟ್ಟಾ!" ಎಂದು ಕೂಗಿದರು. ಕೈ ಮಡಚಿ ಎಸೆಯುವವನಿಗೆ ನಮ್ಮ ಕಡೆ ಹಾಗನ್ನುತ್ತಾರೆ. ಚೆಂಡನ್ನು ನೆಲಕ್ಕೆ ಒಗೆದು ಹೊರಗೆ ಬಂದೆ. ಬೇವಿನ ಮರದ ಕೆಳಗೆ ಸೀಟಿ ಕೊರಳಿಗೆ ಹಾಕಿಕೊಂಡ ಒಬ್ಬರು ನಿಂತಿದ್ದರು. ಆಳಂದದ ಒಂದು ಶಾಲೆಯ ದೈಹಿಕ ಶಿಕ್ಷಕರು, ಬಸವರಾಜ ಸರ್.

"ಬಟ್ಟಾ ಹೊಡದಿಲ್ರಿ ಸರ್, ಸುಳ್ಳ ಹೇಳಾಕತ್ತಾರ," ಎಂದೆ ನಾನು, ಅವರು ಕೇಳುವ ಮೊದಲೇ.

"ಬಟ್ಟಾನೇ ಹೊಡದೀ. ನಾ ಎರಡೂ ಕಣ್ಲೆ ನೋಡೇನಿ. ನನಗ ಅದೇ ಬೇಕಾಗ್ಯಾದ. ನಿನ್ನ ಕೈ ಬರೋಬರಿ ಅದ, ಆಟ ತಪ್ಪು ಹಿಡದೀ. ನಾಳಿ ನಮ್ಮ ಸಾಲಿ ಮೈದಾನಕ್ಕ ಬಾ."

ಹೋದೆ. ಬೇಸ್‌ಬಾಲ್‌ನಲ್ಲಿ ಎಸೆಯುವವನನ್ನು ಪಿಚರ್ ಅನ್ನುತ್ತಾರೆ, ಅದನ್ನು ಹಿಡಿಯುವವನು ಕ್ಯಾಚರ್. ನನಗೆ ಸಿಕ್ಕ ಕ್ಯಾಚರ್ ಈರಣ್ಣ, ಬಸ್ ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ಅಂಗಡಿಯವನು. ನನ್ನ ಎಸೆತ ಅವನ ಚರ್ಮದ ಗ್ಲೋವಿಗೆ ಬಿದ್ದರೆ ಒಂದು ಸಪ್ಪಳ ಬರುತ್ತಿತ್ತು. ತುಂಬಿದ ಚೀಲವನ್ನು ಎತ್ತರದಿಂದ ಫರ್ಶಿ ಕಲ್ಲಿನ ನೆಲದ ಮೇಲೆ ಬಿಟ್ಟರೆ ಬರುವ ಸಪ್ಪಳಕ್ಕೂ ಅದಕ್ಕೂ ತುಸು ಹೋಲಿಕೆ ಇದೆ. ಆದರೆ ಚೀಲದ ಸಪ್ಪಳ ಕೇಳಿ ಯಾರಿಗೂ ಮೈ ಜುಮ್ಮೆನ್ನುವುದಿಲ್ಲ. ಹಗಲು ಮಿಲ್ಲು, ಸಂಜೆ ಮೈದಾನ. ಜಿಲ್ಲೆ ದಾಟಿ ರಾಜ್ಯದ ತಂಡಕ್ಕೆ ಹೋದೆ. ರಾಷ್ಟ್ರೀಯ ಪಂದ್ಯಗಳಲ್ಲಿ ವೇಗ ಅಳೆಯುವ ಯಂತ್ರ ನನಗೆ ಗಂಟೆಗೆ ನೂರ ಮೂವತ್ತೊಂಬತ್ತು ಕಿಲೋಮೀಟರ್ ತೋರಿಸಿತು. ಅಲ್ಲಿದ್ದ ಬೇರೆ ಯಾರಿಗೂ ಅಷ್ಟು ಬಂದಿರಲಿಲ್ಲ.

೨೦೨೪ರಲ್ಲಿ ಸರ್‌ಗೆ ಫೋನು ಬಂತು. ದುಬೈಯಲ್ಲಿ ಹೊಸದಾಗಿ ಲೀಗ್ ಶುರುವಾಗಿತ್ತು, ಅಮೆರಿಕದಲ್ಲಿ ದೊಡ್ಡ ಆಟ ಆಡಿ ಬಂದವರು ಅಲ್ಲಿ ಆಡುತ್ತಿದ್ದರು. ಅಲ್ಲಿಯ ಒಂದು ತಂಡ ಪುಣೆಯಲ್ಲಿ ಆಯ್ಕೆ ಇಟ್ಟಿತ್ತು. ಕರೆ ಬಂದಿದ್ದು ನಾನೂ ಸೇರಿ ನಾಲ್ಕು ಜನ ಪಿಚರ್‌ಗಳಿಗೆ, ತೆಗೆದುಕೊಳ್ಳುವುದು ಇಬ್ಬರನ್ನು.

ಮಿಲ್ಲಿನಲ್ಲಿ ಹಮಾಲರ ಮೇಸ್ತ್ರಿ, ನಮ್ಮ ಮುಕಾದಮ, ನಕ್ಕ. "ದುಬೈಗಿ ಹೋಗಿ ಒಂಟಿ ಕಾಯ್ತೀ ಏನಲೇ?"

"ಒಂಟಿಗಿ ಗುರಿ ಇಟ್ಟ ಚೆಂಡ ಒಗೀತೇನಿ, ನೀವೂ ಬರ್ರಿ, ಮ್ಯಾಲ ಕೂಡ್ರಿ," ಎಂದೆ. ಎಲ್ಲರೂ ನಕ್ಕರು. ಆದರೆ ಅಂದು ಸಂಜೆ ಅದೇ ಮುಕಾದಮ ಎಲ್ಲರಿಗೂ ಚಹಾ ಕುಡಿಸಿದ.

ಆಯ್ಕೆಗೆ ಹತ್ತು ದಿನ ಇರುವಾಗ ಬೆಳಿಗ್ಗೆ ಒಂದು ಲಾರಿ ಇಳಿಸಿದೆವು. ಸಂಜೆ ಈರಣ್ಣನಿಗೆ ತೊಂಬತ್ತು ಎಸೆತ ಎಸೆದೆ. ಕೊನೆಯ ಹತ್ತರಲ್ಲಿ ಕೈ ನನ್ನದಲ್ಲ ಎನ್ನುವಷ್ಟು ಭಾರವಾಯಿತು. ಮರುದಿನ ಎದ್ದರೆ ಅಂಗಿಯ ತೋಳು ಏರಲಿಲ್ಲ. ಬಲಗೈ ಭುಜದಿಂದ ಬೆರಳಿನವರೆಗೆ ಊದಿತ್ತು, ನೇರಳೆ ಹಣ್ಣು ಹಿಂಡಿದ ಬಣ್ಣ. ಭುಜದ ಮೇಲೆ, ಎದೆಯ ಮೇಲೆ ಹಿಂದೆಂದೂ ಕಾಣದ ನರಗಳು ಎದ್ದು ನಿಂತಿದ್ದವು.

ಯಾರಿಗೂ ಹೇಳಲಿಲ್ಲ. ಅಪ್ಪನ ದೊಡ್ಡ ತೋಳಿನ ಅಂಗಿ ಹಾಕಿಕೊಂಡೆ. ಬಸವರಾಜ ಸರ್‌ಗೆ ಹೇಳಿದರೆ ಪುಣೆಗೆ ಕಳಿಸುವುದಿಲ್ಲ ಎಂದು ಗೊತ್ತಿತ್ತು. ನೇರ ಹುಸೇನ್‌ಸಾಬ್ ಉಸ್ತಾದರ ಮನೆಗೆ ಹೋದೆ.

ಉಸ್ತಾದರು ಒಂದು ಕಾಲಕ್ಕೆ ಆಳಂದದ ಗರಡಿ ಮನೆಯಲ್ಲಿ ಪೈಲ್ವಾನರನ್ನು ತಯಾರು ಮಾಡಿದವರು. ಉಳುಕು, ಸರಿದ ಕೀಲು, ಹಿಡಿದ ಬೆನ್ನು ಎಂದರೆ ಹಮಾಲರೆಲ್ಲ ಅವರ ಕಟ್ಟೆಗೇ ಹೋಗುವುದು. ಉಳುಕಿದ ನನ್ನ ಕಣಕಾಲನ್ನು ಎರಡು ಸಲ ಅವರೇ ಕೂರಿಸಿದ್ದರು. ಕೈ ನೋಡಿ, ಬೆರಳಿನಿಂದ ಭುಜದವರೆಗೆ ಒತ್ತಿ ನೋಡಿ ಹೇಳಿದರು: "ನರದ ಮ್ಯಾಲ ನರ ಏರ್ಯಾದ ಬೇಟಾ. ಇಳಸ್ತೇನಿ. ಎದ್ಯಾಗ ಏನರೆ ಹಿಡೀತದೇನು?"

"ಇಲ್ರಿ."

ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯಿಂದ ಅರ್ಧ ತಾಸು ಉಜ್ಜಿದರು. ಹಿತವಾಯಿತು, ಸುಳ್ಳು ಹೇಳುವುದಿಲ್ಲ. ಮರುದಿನ ಮತ್ತೆ ಹೋದೆ. ಅಷ್ಟರಲ್ಲಿ ಉಸಿರು ಎಳೆದಾಗ ಎಡ ಪಕ್ಕೆಯಲ್ಲಿ ಸೂಜಿ ಚುಚ್ಚಿದಂತೆ ಆಗತೊಡಗಿತ್ತು. ಉಸ್ತಾದರು ಉಜ್ಜುವ ಮೊದಲು ಅದನ್ನೇ ಮತ್ತೆ ಕೇಳಿದರು. ಉಸಿರು ಹಿಡಿದುಕೊಂಡು "ಏನೂ ಇಲ್ರಿ" ಎಂದೆ. "ನಾಳಿಗಿ ಇಳೀಲಿಲ್ಲಂದ್ರ ದವಾಖಾನಿಗಿ ಹೋಗು. ನನ್ನ ಕೈಯಾಗಿಂದು ಅಲ್ಲ ಅದು," ಎಂದರು ಅವರು.

ಮೂರನೆಯ ದಿನ ಬಸವರಾಜ ಸರ್ ಜೊತೆ ಕಲಬುರಗಿಗೆ ಹೋಗಬೇಕಿತ್ತು. ಆಯ್ಕೆಯವರು ವೈದ್ಯರಿಂದ ದೇಹ ಸರಿಯಿದೆ ಎಂಬ ಪತ್ರ ಕೇಳಿದ್ದರು. ಆಳಂದದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬಂತು. ಬಸ್ಸಿನ ಮೂರು ಮೆಟ್ಟಿಲು. ನೂರು ಚೀಲ ಇಳಿಸುವವನು ನಾನು, ಮೂರನೆಯ ಮೆಟ್ಟಿಲಿಗೆ ಉಸಿರು ಸಾಲದೆ ಕಂಬಿ ಹಿಡಿದು ನಿಂತೆ. ಹಿಂದಿದ್ದ ಹೆಂಗಸು "ಏ, ಮುಂದ ಸರಕೋ ತಮ್ಮಾ" ಅನ್ನುತ್ತಿದ್ದಳು. ಸರ್ ನನ್ನನ್ನು ಸೀಟಿಗೆ ಕೂರಿಸಿ, ಅಂಗಿಯ ತೋಳು ಮೇಲೆ ಸರಿಸಿದರು.

"ಎಷ್ಟ ದಿನ ಆಯ್ತು?"

"ಮೂರ ದಿನ್ರಿ."

ಕಲಬುರಗಿ ಬರುವವರೆಗೆ ಅವರು ನನ್ನ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡೇ ಕೂತರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರ್ ಮೇಡಂ ನನ್ನ ಕೈ ಮುಟ್ಟಿ ಮೂಗು ಅರಳಿಸಿದರು. "ಬಳ್ಳೊಳ್ಳಿ ಎಣ್ಣಿ. ಯಾರ ಉಜ್ಜಿದ್ರು?" ನಾನು ಹೆಸರು ಹೇಳಲಿಲ್ಲ. ಸಂಜೆಯೊಳಗೆ ಎಲ್ಲ ಪರೀಕ್ಷೆ ಮುಗಿದವು. ಕೊರಳ ಬುಡದ ಎಲುಬಿನ ಕೆಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದರದೊಂದು ಚೂರು ಕಿತ್ತುಬಂದು ಶ್ವಾಸಕೋಶಕ್ಕೆ ಹೋಗಿತ್ತು. ಭುಜದ ಮೇಲೆ ಕೈ ಎತ್ತಿ ಎತ್ತಿ ದುಡಿಯುವವರಿಗೆ, ಜೋರಾಗಿ ಎಸೆಯುವವರಿಗೆ ಹೀಗಾಗುವುದುಂಟಂತೆ. ನಾನು ಎರಡನ್ನೂ ಮಾಡುತ್ತಿದ್ದೆ.

"ಮ್ಯಾಡಂ, ಬರೋ ಐತಾರ ಪುಣೆಕ್ಕ ಹೋಗಬೇಕ್ರಿ. ಆಯ್ಕಿ ಅದ."

"ಈ ಮಂಚದಿಂದ ಇಳೀಬೇಕಂದ್ರೂ ನನಗ ಹೇಳಿ ಇಳೀಬೇಕು ನೀನು. ಕೈ ಆಮ್ಯಾಲಿಂದು. ಮೊದಲ ಜೀವ."

ಅವ್ವ ಊರಿನಿಂದ ಬಂದಳು. ಊರಿನ ಬುದ್ಧ ವಿಹಾರದಲ್ಲಿ ಪ್ರಾರ್ಥಿಸಿ ತಂದ ಬಿಳಿ ದಾರವನ್ನು ನನ್ನ ಎಡಗೈಗೆ ಕಟ್ಟಿದಳು. ಬಲಗೈ ಮುಟ್ಟಲು ಹೆದರಿದಳು. ನೋಡಲು ಬಂದವರು ಮೋಸಂಬಿ ತಂದಿದ್ದರು. ಆಯ್ಕೆಯ ಐತವಾರ ಬೆಳಿಗ್ಗೆ ವಾರ್ಡಿನ ಗಡಿಯಾರ ಹತ್ತು ತೋರಿಸಿದಾಗ ನಾನು ಒಂದು ಮೋಸಂಬಿ ತೆಗೆದುಕೊಂಡೆ. ಗಾತ್ರ ಹೆಚ್ಚು ಕಡಿಮೆ ಚೆಂಡಿನದೇ. ಎರಡು ಬೆರಳು ಮೇಲೆ, ಹೆಬ್ಬೆರಳು ಕೆಳಗೆ, ಹೊಲಿಗೆ ಇರುವ ಜಾಗ ಊಹಿಸಿ ಹಿಡಿದೆ. ಈ ಹೊತ್ತಿಗೆ ಅಲ್ಲಿ ಯಾರೋ ಕಾಲೆತ್ತಿರಬೇಕು, ಕೈ ಹಿಂದೆ ಒಯ್ದಿರಬೇಕು ಎಂದುಕೊಂಡೆ. ಅವ್ವ ನೋಡಿದಳು.

"ತಿನ್ನಾಕ ಮನಸಾಗ್ಯಾದೇನಪಾ? ಕೊಡು ಇಲ್ಲಿ."

ಸುಲಿದು, ಹಿಂಡಿ, ಲೋಟದಲ್ಲಿ ರಸ ಕೊಟ್ಟಳು. ಕುಡಿದೆ. ಅಷ್ಟು ಸಿಹಿಯಾದ ಮೋಸಂಬಿಯನ್ನು ಅಷ್ಟು ಕಷ್ಟಪಟ್ಟು ನುಂಗಿದ್ದು ಅದೊಂದೇ ಸಲ.

ಸರ್ ಪುಣೆಯವರ ಜೊತೆ ಮಾತಾಡಿದ್ದರು. "ಬರೋ ವರ್ಷ ಕಳಸ್ರಿ, ನೋಡ್ತೇವಿ" ಅಂದಿದ್ದರಂತೆ. ಆ ಒಂದು ಮಾತನ್ನೇ ಹಿಡಿದು ಒಂದು ವರ್ಷ ಬದುಕಿದೆ.

ಹೆಪ್ಪು ಕರಗಿದರೂ ಸಾಲದು, ಮತ್ತೆ ಕಟ್ಟುತ್ತದೆ, ರಕ್ತನಾಳವನ್ನು ಒತ್ತುತ್ತಿರುವ ಪಕ್ಕೆಲುಬನ್ನೇ ತೆಗೆಯಬೇಕು ಎಂದರು ಡಾಕ್ಟರ್ ಮೇಡಂ. ಅದಕ್ಕೆ ಸೊಲ್ಲಾಪುರದ ಆಸ್ಪತ್ರೆಗೆ ಹೋದೆವು. ಅಲ್ಲಿ ಕಾಯುವ ಕೋಣೆಯಲ್ಲಿ ಎಲ್ಲರೂ ಮರಾಠಿ. ಅವ್ವನಿಗೆ ಅರ್ಧಂಬರ್ಧ ತಿಳಿಯುತ್ತಿತ್ತು. ಎರಡನೆಯ ದಿನ ಎದುರು ಬೆಂಚಿನಿಂದ ಒಬ್ಬ ಮುದುಕರು, "ಯಾವೂರ್ರಿ ಯವ್ವಾ?" ಎಂದು ಕೇಳಿದಾಗ ಅವ್ವನ ಮುಖ ಅರಳಿದ್ದು ಇನ್ನೂ ಕಣ್ಣ ಮುಂದಿದೆ. ಅಫಜಲಪುರದ ಕಡೆಯವರು, ಹೃದಯದ ತೊಂದರೆಗೆ ಬಂದವರು.

"ಹುಡುಗಗ ಏನಾಗ್ಯಾದ?"

"ಚೆಂಡ ಒಗದು ಒಗದು ಕೈ ಕೆಡಿಸಿಕೊಂಡಾನ್ರಿ."

"ಕ್ರಿಕೆಟ್ಟೇನು?"

"ಅಲ್ರಿ ಅಜ್ಜಾ, ಬೇಸ್‌ಬಾಲ್," ಎಂದೆ ನಾನು.

ಅವರು ತಲೆಯಾಡಿಸಿದರು. "ಅದಕ್ಕ ಹಿಂಗಾಯ್ತು. ಕ್ರಿಕೆಟ್ ಆಡಬೇಕಿತ್ತು ನೀ." ಅವ್ವ ಸೆರಗು ಬಾಯಿಗೆ ಇಟ್ಟು ನಕ್ಕಳು. ಹದಿನೈದು ದಿನದಲ್ಲಿ ಅದೇ ಅವಳ ಮೊದಲ ನಗು. ನಾವು ಇದ್ದಷ್ಟು ದಿನ ತಮ್ಮ ಬುತ್ತಿಯ ಗರಿಗರಿ ಕಟಿ ರೊಟ್ಟಿ, ಶೇಂಗಾ ಚಟ್ನಿಯಲ್ಲಿ ನಮಗೂ ಪಾಲು ಕೊಟ್ಟರು.

ಆಪರೇಷನ್ನಿಗೆ ಒಯ್ಯುವಾಗ ನಾನು ಡಾಕ್ಟರನ್ನು ಕೇಳಿದ್ದು ಬದುಕುತ್ತೇನೋ ಇಲ್ಲವೋ ಎಂದಲ್ಲ. ಮತ್ತೆ ಎಸೆಯಲು ಬರುತ್ತದೋ ಎಂದು ಕೇಳಿದೆ. "ಬರುತ್ತದೆ. ಮೊದಲಿನಷ್ಟು ಎಂದು ಹೇಳಲಾರೆ," ಎಂದು ಅವರು ಹಿಂದಿಯಲ್ಲಿ ಹೇಳಿದರು. ಸುಳ್ಳು ಹೇಳದ ಆ ಮನುಷ್ಯನನ್ನು ಇಂದಿಗೂ ನೆನೆಯುತ್ತೇನೆ.

ಎಚ್ಚರವಾದಾಗ ಪಕ್ಕೆಯಿಂದ ಒಂದು ಕೊಳವೆ ಹೊರಗೆ ಬಂದಿತ್ತು, ಬಲಗೈ ಎದೆಗೆ ಕಟ್ಟಿತ್ತು. ನೋವನ್ನು ತಡೆದುಕೊಂಡೆ. ತಡೆಯಲಾಗದ್ದು ಊಟ. ಎಡಗೈಯಿಂದ ಹೇಗೆ ಉಣ್ಣುವುದು? ಹುಟ್ಟಿದಾಗಿನಿಂದ ಯಾರೂ ನನ್ನನ್ನು ಹಾಗೆ ನೋಡಿಲ್ಲ. ಅವ್ವ ತುತ್ತು ಮಾಡಿ ಬಾಯಿಗೆ ತಂದರೆ ಮುಖ ತಿರುಗಿಸಿದೆ. ಇಪ್ಪತ್ತನಾಲ್ಕು ವರ್ಷದವನು, ಹತ್ತು ವರ್ಷದಿಂದ ಮನೆ ನಡೆಸಿದವನು, ಆರು ಹಾಸಿಗೆಯ ವಾರ್ಡಿನಲ್ಲಿ ಅವ್ವನ ಕೈಯಿಂದ ಉಣ್ಣುವುದೇ? ಎರಡು ಹೊತ್ತು ಉಪವಾಸ ಇದ್ದೆ.

ಮೂರನೆಯ ಹೊತ್ತಿಗೆ ಅವ್ವ ತಟ್ಟೆಯನ್ನು ನನ್ನ ಎಡಕ್ಕೆ ಇಟ್ಟಳು, ಚಮಚ ಇಟ್ಟಳು. ತಾನು ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿ ಕೂತಳು. "ನಾ ಈ ಕಡಿ ನೋಡಂಗಿಲ್ಲ. ನೀ ಯಾವ ಕೈಲೆ ಉಣ್ತೀ ನನಗ ಗೊತ್ತಾಗಂಗಿಲ್ಲ. ಉಣ್ಣು." ಆಕೆ ಕಿಟಕಿಯಾಚೆ ಏನು ನೋಡಿದಳೋ. ಅಲ್ಲಿ ಇನ್ನೊಂದು ಕಟ್ಟಡದ ಗೋಡೆ ಇತ್ತು ಅಷ್ಟೆ. ತಟ್ಟೆ ಖಾಲಿಯಾಗುವವರೆಗೆ ತಿರುಗಲಿಲ್ಲ. ಆರು ದಿನ ಹಾಗೆಯೇ ಕೂತಳು.

ಐದನೆಯ ದಿನ ಅವ್ವ ನೀರು ತರಲು ಹೋದವಳು ಒಳಗೆ ಬಂದು ಹೇಳಿದಳು: "ಉಸ್ತಾದ್ರು ಬಂದಾರ. ಹೊರಗ ಬೆಂಚಿನ ಮ್ಯಾಲ ಕುಂತಾರ. ಒಳಗ ಬರ್ರಿ ಅಂದ್ರ ಒಲ್ಲೆ ಅಂತಾರ."

ನನಗೆ ಉಸ್ತಾದರ ಮೇಲೆ ಸಿಟ್ಟಿತ್ತು. ಯಾರ ಮುಂದೆಯೂ ಹೇಳಿರಲಿಲ್ಲ, ಆದರೆ ಮಲಗಿದಲ್ಲೇ ದಿನವೂ ಅವರ ಬೆರಳುಗಳನ್ನು ಬೈಯುತ್ತಿದ್ದೆ. ಉಜ್ಜದಿದ್ದರೆ ಚೂರು ಕೀಳುತ್ತಿರಲಿಲ್ಲ, ಪುಣೆ ತಪ್ಪುತ್ತಿರಲಿಲ್ಲ ಎಂದು ಲೆಕ್ಕ ಹಾಕಿದ್ದೆ. ಅವ್ವ ಎರಡನೆಯ ಸಲ ಹೋಗಿ ಕರೆತಂದಳು. ಎಪ್ಪತ್ತು ದಾಟಿದ ಮನುಷ್ಯ, ಆಳಂದದಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ಟೋಪಿ ಕೈಯಲ್ಲಿ ಹಿಡಿದು ನನ್ನ ಕಾಲುಗಳ ಕಡೆ ನಿಂತರು.

"ನನ್ನ ಕೈಲೆ ಆಯ್ತು ಬೇಟಾ. ಐವತ್ತ ವರ್ಷ ಉಜ್ಜೇನಿ, ಹಿಂಗ ಯಾರಿಗೂ ಮಾಡಿದ್ದಿಲ್ಲ. ಮಾಫ್ ಮಾಡು."

ಹೌದು ಎಂದರೆ ಮುಗಿದುಹೋಗುತ್ತಿತ್ತು. ನನ್ನ ಹೆಮ್ಮೆಗೂ ಅದೇ ಬೇಕಿತ್ತು. ಆದರೆ ಅವ್ವ ಅಲ್ಲೇ ನಿಂತಿದ್ದಳು, ಉಸ್ತಾದರ ಮುಖ ನೋಡಲಾಗಲಿಲ್ಲ.

"ಎರಡನೇ ದಿನ ಎದಿ ಹಿಡದಿತ್ರಿ," ಎಂದೆ. "ನೀವ ಕೇಳಿದ್ರಿ. ನಾ ಇಲ್ಲಂದೆ."

"ಹಿಡದಿತ್ತಾ?"

"ಹಿಡದಿತ್ತು. ಹೇಳಿದ್ರ ದವಾಖಾನಿಗಿ ಕಳಸ್ತಿದ್ರಿ. ಪುಣೆ ತಪ್ಪತಿತ್ತು."

ಅವ್ವ ಒಂದು ಕ್ಷಣ ನನ್ನನ್ನು ಬೇರೆ ಯಾರೋ ಎಂಬಂತೆ ನೋಡಿದಳು. ಉಸ್ತಾದರು ಹೇಳಿದರು: "ಪೈಲ್ವಾನ್ರೂ ಹಿಂಗೇ ಇರ್ತಿದ್ರು. ಮುಂದ ಕುಸ್ತಿ ಇದ್ರ ಮುರದ ಬೆರಳೂ ಮುಚ್ಚಿಡ್ತಿದ್ರು. ನಾ ಹಿಡೀತಿದ್ದೆ ಅವ್ರನ್ನ. ನಿನ್ನ ಹಿಡೀಲಿಲ್ಲ." ಹೊರಡುವಾಗ ರೂಢಿಯಂತೆ ನನ್ನ ಭುಜ ತಟ್ಟಲು ಕೈ ಮುಂದೆ ಮಾಡಿದರು. ಅರ್ಧಕ್ಕೆ ನಿಲ್ಲಿಸಿ, ಮಂಚದ ಕಂಬಿಯನ್ನು ತಟ್ಟಿ ಹೋದರು. ಈಗ ಅವರ ಕಟ್ಟೆಗೆ ಊದಿದ ಕೈಯೋ ಕಾಲೋ ಬಂದರೆ ಎಣ್ಣೆಯ ಬಟ್ಟಲನ್ನು ಮುಟ್ಟುವುದೇ ಇಲ್ಲವಂತೆ, ಮೊದಲು ದವಾಖಾನೆಗೆ ಅಟ್ಟುತ್ತಾರಂತೆ.

ಅರ್ಧ ವರ್ಷ ರಕ್ತ ತೆಳುವಾಗಿಸುವ ಮಾತ್ರೆ. ಗಾಯ ಆಗಬಾರದು, ಪೆಟ್ಟು ಬೀಳಬಾರದು. ಆಳಂದದ ಹಜಾಮ ನನಗೆ ಬ್ಲೇಡು ಹಚ್ಚಲು ಹೆದರಿದ್ದರಿಂದ ಗಡ್ಡ ಬಂತು. ಬೆರಳುಗಳನ್ನು ಗೋಡೆಯ ಮೇಲೆ ಇರುವೆಯಂತೆ ಹತ್ತಿಸುವುದು ನನ್ನ ಕಸರತ್ತು. ಚೀಲ ಹೊರುವುದು ಇನ್ನಿಲ್ಲ ಎಂದು ಡಾಕ್ಟರು ಬರೆದುಕೊಟ್ಟರು. ಮುಕಾದಮ ಮಿಲ್ಲಿನ ಗೇಟಿನಲ್ಲಿ ಸ್ಟೂಲು ಹಾಕಿಕೊಡುತ್ತೇನೆ, ಸುಮ್ಮನೆ ಕೂತಿರು ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನ್ನ ಜೊತೆಯವರು ಹೊರುವುದನ್ನು ನೋಡುತ್ತ ಕೂರುವುದು ನನ್ನಿಂದಾಗಲಿಲ್ಲ. ಜೇವರ್ಗಿಯ ಒಬ್ಬ ದಲಾಲರ ಅಡತಿ ಅಂಗಡಿಯಲ್ಲಿ ತೊಗರಿ, ಹತ್ತಿ ತೂಗುವ ಕೆಲಸ ಹಿಡಿದೆ, ಅಲ್ಲೇ ಬಾಡಿಗೆಗೆ ಒಂದು ಖೋಲಿ ಮಾಡಿದೆ. ಐತವಾರ ಮಾತ್ರ ಆಳಂದಕ್ಕೆ.

ಮೊದಲ ಎಸೆತ ಎಸೆದದ್ದು ಅಂಥ ಒಂದು ಐತವಾರ. ಈರಣ್ಣ ಹತ್ತು ಹೆಜ್ಜೆ ದೂರ ಕುಕ್ಕರಗಾಲಿನಲ್ಲಿ ಕೂತ. ಚೆಂಡು ಹೋಯಿತು, ಗ್ಲೋವಿಗೆ ಬಿತ್ತು, ಸಪ್ಪಳ ಬರಲಿಲ್ಲ.

"ಹತ್ತಿ ಒಗದಂಗ ಒಗೀತೀ ಅಲಲೇ," ಎಂದ.

"ಹತ್ತಿ ತೂಗಾಂವ ಅದೀನಿ. ಮತ್ತೇನ ಒಗೀಬೇಕು?"

ನಕ್ಕೆವು. ಆಮೇಲೆ ಇಬ್ಬರೂ ಬೇರೆ ಬೇರೆ ಕಡೆ ನೋಡಿದೆವು.

ಮುಂದಿನ ವರ್ಷ ಪುಣೆಗೆ ಹೋದೆ. ಸರ್ ಜೊತೆಗಿದ್ದರು. ಯಂತ್ರ ನೂರ ಇಪ್ಪತ್ತಾರು ತೋರಿಸಿತು. ಮತ್ತೊಮ್ಮೆ ಎಸೆದೆ, ನೂರ ಇಪ್ಪತ್ತಾರು. ತಂಡದವರು ಒಳ್ಳೆಯ ಮಾತಾಡಿದರು. ಗುರಿ ಚೆನ್ನಾಗಿದೆ, ಬಿಡಬೇಡ ಎಂದರು. ತೆಗೆದುಕೊಳ್ಳಲಿಲ್ಲ. ಬಸ್ಸಿನಲ್ಲಿ ಸರ್ ಕಿಟಕಿಯ ಸೀಟು ನನಗೆ ಬಿಟ್ಟುಕೊಟ್ಟರು. ಅಳುವುದಿದ್ದರೆ ಅಳಲಿ ಎಂದಿರಬೇಕು. ಅಳಲಿಲ್ಲ. ಸೊಲ್ಲಾಪುರ ದಾಟುವಾಗ ಆ ಆಸ್ಪತ್ರೆಯ ದೀಪದ ಬೋರ್ಡು ಕಂಡಾಗ ಮಾತ್ರ ಕಷ್ಟವಾಯಿತು.

ರಾತ್ರಿ ನಡೆದ ದುಬೈ ಪಂದ್ಯಗಳನ್ನು ಮರುದಿನ ಮೊಬೈಲಿನಲ್ಲಿ ನೋಡುತ್ತೇನೆ. ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಅಂಗಡಿಯ ಮುಂದೆ ವಿಜಯಪುರದ ಲಾರಿಗಳು ಹೋಗುತ್ತಿರುವಾಗ. ನನ್ನ ಜಾಗದಲ್ಲಿ ಹೋದ ಹುಡುಗ ಎಸೆಯುವಾಗ ನನಗೆ ಹೊಟ್ಟೆಕಿಚ್ಚಿಲ್ಲ. ಅವನ ಎಡಗಾಲು ನೆಲ ಮುಟ್ಟುವ ಕ್ಷಣಕ್ಕೆ ನನ್ನ ಭುಜ ತಾನಾಗಿ ತಿರುಗುತ್ತದೆ, ಬೆರಳ ತುದಿಗೆ ಹೊಲಿಗೆ ತಾಗಿದಂತಾಗುತ್ತದೆ. ಅನ್ನ ಕಲಸಿದ ಕೈ ತಟ್ಟೆಯ ಮೇಲೆ ಹಾಗೆಯೇ ನಿಲ್ಲುತ್ತದೆ. ನಮ್ಮ ಮನೆ ಈಗ ಉಳಿದಿಲ್ಲದ ಊರಿನ ದಾರಿ ಕನಸಿನಲ್ಲಿ ಬಂದಂತೆ. ಒಮ್ಮೆಯಾದರೂ ಅಲ್ಲಿ ನಿಂತು, ದೀಪಗಳ ಕೆಳಗೆ, ಆ ದೊಡ್ಡವರ ಮುಂದೆ ಒಂದೇ ಒಂದು ಚೆಂಡು ಎಸೆದಿದ್ದರೆ ಎನ್ನಿಸುತ್ತದೆ. ಆಯ್ಕೆಯಾಗದಿದ್ದರೂ ನಡೆಯುತ್ತಿತ್ತು ಎಂದು ಬರೆಯಲು ಹೊರಟೆ. ಅದು ಸುಳ್ಳು. ಆಯ್ಕೆಯಾಗಬೇಕಿತ್ತು.

ದುಡಿಯುವ ಕೈ ಇರುವ ನನ್ನಂಥವರಿಗೆ ಒಂದೇ ಮಾತು. ಕೈ ಒಮ್ಮೆಲೇ ಊದಿ ಬಣ್ಣ ತಿರುಗಿದರೆ ಉಜ್ಜಿಸಬೇಡಿ, ಅಂದೇ ಆಸ್ಪತ್ರೆಗೆ ಹೋಗಿ. ಮುಂದೆ ಎಂಥ ದೊಡ್ಡ ದಿನ ಕಾದಿದ್ದರೂ ಎದೆ ಹಿಡಿದಿದ್ದನ್ನು ಕೇಳಿದವರಿಗೆ ಹೇಳಿ.

ಈಗ ನನ್ನ ಬಳಿ ಇರುವುದು ಇಷ್ಟು. ಎಡಕ್ಕೆ ಹನ್ನೆರಡು ಪಕ್ಕೆಲುಬು, ಬಲಕ್ಕೆ ಹನ್ನೊಂದು. ಕಂಕುಳ ಕೆಳಗೆ ನಾಲ್ಕು ಬೆರಳಗಲದ ಗೆರೆ ಒಂದು. ದಿನದ ಮಾತ್ರೆ, ಒಂದೂ ಇಲ್ಲ. ವಯಸ್ಸು ಇಪ್ಪತ್ತಾರು. ಐತವಾರಕ್ಕೆ ನಲವತ್ತು ಎಸೆತ. ಹೋದ ತಿಂಗಳ ವೇಗ ನೂರ ಇಪ್ಪತ್ತೆಂಟು. ಮೊದಲ ಆಯ್ಕೆಯ ಹೊತ್ತಿಗೆ ಮಾಡಿಸಿದ, ಒಂದೂ ಮುದ್ರೆ ಬೀಳದ ಪಾಸ್‌ಪೋರ್ಟು ಒಂದು, ಅದರ ಅವಧಿ ಇನ್ನೂ ಎಂಟು ವರ್ಷ ಇದೆ.